ಏಳನೇ ಲೇನಿನ ಹತ್ತು ತೂತುಗಳು

ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಎದುರು ನಿಂತು ಜಗಳವನ್ನಾದರೂ ಆಡಬಹುದಿತ್ತು. ಅವರು ನಕ್ಕರು. ಮೆಲ್ಬರ್ನಿನ ಹೊರವಲಯದ ಒಂದು ಗುಂಡಿನ ಮೈದಾನದಲ್ಲಿ, ತಗಡಿನ ಶೆಡ್ಡಿನ ಕೆಳಗೆ, ಐದಾರು ಗಂಡಸರು ನನ್ನ ಕಡೆ ನೋಡಿ, ಹಠ ಹಿಡಿದ ಮಗುವನ್ನು ಕಂಡು ನಗುವ ಹಾಗೆ ನಕ್ಕರು. ಅದು ನೆನಪಾದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ನಾನು ಧಾರವಾಡದವಳು. ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿ ನಮ್ಮ ಮನೆ, ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ನನ್ನ ಕೆಲಸ. ಮಗಳು ಓದಲೆಂದು ಕ್ಯಾನ್‌ಬೆರಾಕ್ಕೆ ಹೋದ ಮೇಲೆ ಶನಿವಾರಗಳು ಖಾಲಿಯಾದವು. ಭರತನಾಟ್ಯದ ಕ್ಲಾಸು, ಈಜಿನ ಕ್ಲಾಸು ಎಂದು ಹನ್ನೆರಡು ವರ್ಷ ಕಾರು ಓಡಿಸಿದವಳಿಗೆ ಒಮ್ಮೆಲೇ ಎಲ್ಲಿಗೂ ಹೋಗಬೇಕಿರಲಿಲ್ಲ. ನಮ್ಮ ಸಬರ್ಬಿನಿಂದ ಅರ್ಧ ಗಂಟೆ ದೂರದಲ್ಲಿ ಒಂದು ಶೂಟಿಂಗ್ ಕ್ಲಬ್ಬಿದೆ. ಹೊಸಬರು ಬಂದು ಪ್ರಯತ್ನಿಸಬಹುದು ಎಂಬ ಬೋರ್ಡು ರಸ್ತೆಬದಿಯಲ್ಲಿ ಕಂಡಿತು. ಹೋದೆ.

ಅಲ್ಲಿ ನನಗೆ ಕಲಿಸಲು ನಿಂತವರು ಎಪ್ಪತ್ತು ದಾಟಿದ ಒಬ್ಬ ಮುದುಕರು. ರೈಲು ರಿಪೇರಿಯ ಶೆಡ್ಡಿನಲ್ಲಿ ದುಡಿದು ನಿವೃತ್ತರಾದವರು. ಸಣ್ಣ ರೈಫಲ್ಲೊಂದನ್ನು ಕೊಟ್ಟು, ಚಾಪೆಯ ಮೇಲೆ ಬೋರಲು ಮಲಗಿಸಿದರು. ಮಲಗಿದ ಕೂಡಲೇ ಮೈಗೆ ಎಲ್ಲ ನೆನಪಾಯಿತು. ಧಾರವಾಡದ ಕಾಲೇಜಿನಲ್ಲಿ ಕೆಡೆಟ್ ತರಬೇತಿಗೆ ಹೋಗುತ್ತಿದ್ದಾಗ ಒಬ್ಬ ಹವಾಲ್ದಾರರು ನಮಗೆ ಹೇಳಿಕೊಟ್ಟಿದ್ದರು: ಉಸಿರನ್ನು ಅರ್ಧ ಬಿಡು, ಅಲ್ಲೇ ನಿಲ್ಲಿಸು, ಟ್ರಿಗರನ್ನು ಎಳೆಯಬೇಡ, ಹಿಂಡು. ಮೂವತ್ತು ವರ್ಷಗಳ ನಂತರ ಆ ಮಾತು ಬೆರಳಿನಲ್ಲಿ ಇನ್ನೂ ಇತ್ತು. ಗುರಿಯ ಕಾಗದವನ್ನು ಕಿತ್ತು ತಂದ ಮುದುಕರು ಅದರ ತೂತುಗಳ ಮೇಲೆ ಬೆರಳಾಡಿಸಿದರು. ಆಮೇಲೆ, ಇದನ್ನು ಎಲ್ಲಿ ಕಲಿತೆ ಎಂದು ಕೇಳಿದರು.

ಲೈಸೆನ್ಸು, ಸುರಕ್ಷತೆಯ ಕೋರ್ಸು, ಪೊಲೀಸರ ತಪಾಸಣೆ, ಗ್ಯಾರೇಜಿನ ಗೋಡೆಗೆ ಬೋಲ್ಟು ಹಾಕಿ ಕೂರಿಸಿದ ಕಬ್ಬಿಣದ ಸೇಫು, ಎಲ್ಲ ಆಯಿತು. ಪರಿಚಯದ ಕನ್ನಡದ ಹೆಂಗಸರಿಗೆ ಸುದ್ದಿ ತಿಳಿದಾಗ ಒಬ್ಬರು ಯುಗಾದಿ ಊಟದ ಸಾಲಿನಲ್ಲಿ ನಿಂತೇ ಕೇಳಿದರು: "ಮನೇಲಿ ಗನ್ ಇಟ್ಕೊಂಡಿದೀರಾ? ಯಾರನ್ನ ಹೊಡೀಬೇಕು ಅಂತ?" ನಾನು ಕಾಗದಕ್ಕೆ ಹೊಡೆಯುತ್ತೇನೆ ಎಂದೆ. ಅವರು ನಂಬಲಿಲ್ಲ. ಆವತ್ತಿನಿಂದ ನಮ್ಮ ಮನೆಗೆ ಮಕ್ಕಳನ್ನು ಕರೆತರುವುದನ್ನೂ ಬಿಟ್ಟರು.

ನನ್ನ ರೈಫಲ್ಲು ಹಳೆಯ ತ್ರೀ-ನಾಟ್-ತ್ರೀ. ಚಿಕ್ಕಂದಿನಲ್ಲಿ ಧಾರವಾಡದ ಪೇದೆಗಳ ಹೆಗಲ ಮೇಲೆ ನೋಡಿದ್ದ ಅದೇ ಜಾತಿಯದು. ಆದರೆ ಇದು ತಯಾರಾದದ್ದು ಸಿಡ್ನಿಯಿಂದ ಪಶ್ಚಿಮಕ್ಕೆ ಬೆಟ್ಟ ದಾಟಿದರೆ ಸಿಗುವ ಊರಿನ ಕಾರ್ಖಾನೆಯಲ್ಲಿ, ಯುದ್ಧದ ಕಾಲದಲ್ಲಿ. ಕಣ್ಣು ಮಂಜಾಗಿ ಗುಂಡು ಹೊಡೆಯುವುದನ್ನು ಬಿಟ್ಟ ಒಬ್ಬ ಸದಸ್ಯರಿಂದ, ಒಳ್ಳೆಯ ವ್ಯಾಕ್ಯೂಮ್ ಕ್ಲೀನರಿಗಿಂತ ಕಡಿಮೆ ಬೆಲೆಗೆ ಬಂತು. ಮರದ ಹಿಡಿ ಎಣ್ಣೆ ಕುಡಿದು ಕಪ್ಪಾಗಿದೆ. ಒಂದು ಕಡೆ ಯಾರೋ ಮೊಳೆಯಿಂದ ಅಡ್ಡಗೀಟುಗಳನ್ನು ಎಳೆದಿದ್ದಾರೆ. ಗುಂಡು ಹಾರಿದಾಗ ಅದು ಹೆಗಲಿಗೆ ಕೊಡುವ ಒದೆತಕ್ಕೆ ಮೊದಲ ತಿಂಗಳು ನನ್ನ ಬಲಭುಜ ನೇರಳೆ ಬಣ್ಣಕ್ಕೆ ತಿರುಗಿತ್ತು.

ನಮ್ಮ ಕ್ಲಬ್ಬಿಗೂ ಮೆಲ್ಬರ್ನಿನ ಒಂದು ಕ್ಲಬ್ಬಿಗೂ ವರ್ಷಕ್ಕೊಮ್ಮೆ ಸ್ನೇಹದ ಸ್ಪರ್ಧೆ ನಡೆಯುತ್ತದೆ. ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ. ಸೈನ್ಯದವರು ಬಳಸಿ ಬಿಟ್ಟ ಹಳೆಯ, ಅಗ್ಗದ ರೈಫಲ್ಲುಗಳನ್ನು ಮಾತ್ರ ತರಬೇಕು. ದುರ್ಬೀನು ಕೂರಿಸುವಂತಿಲ್ಲ, ಹೊಸ ಭಾಗ ಜೋಡಿಸುವಂತಿಲ್ಲ. ದುಡ್ಡಿದ್ದವರ ಆಟವಾಗಬಾರದು ಎಂಬುದು ಉದ್ದೇಶ. ಗೆದ್ದವರಿಗೆ ಬಣ್ಣ ಬಳಿದ ಹಳೆಯ ಮದ್ದುಗುಂಡಿನ ಡಬ್ಬ. ಅದರ ಜೊತೆಗೆ ಇನ್ನೊಂದು ಪದ್ಧತಿಯಿದೆ: ಆ ದಿನದ ಅತ್ಯುತ್ತಮ ಕಾಗದಕ್ಕೆ ಚೌಕಟ್ಟು ಹಾಕಿ, ಹೊಡೆದವರ ಹೆಸರು ಬರೆದು, ಸ್ಪರ್ಧೆ ನಡೆಸಿದ ಕ್ಲಬ್ಬಿನ ಗೋಡೆಗೆ ತೂಗುಹಾಕುತ್ತಾರೆ. ನನಗೆ ಡಬ್ಬದ ಆಸೆ ಇರಲಿಲ್ಲ. ಆ ಗೋಡೆಯ ಆಸೆ ಇತ್ತು, ಮುಚ್ಚಿಡುವುದೇಕೆ.

ಹೋದ ವರ್ಷ ಮೆಲ್ಬರ್ನಿನ ಸರದಿ. ಮುದುಕರು ತಮ್ಮ ಗಾಡಿಯಲ್ಲಿ ಹೊರಟರು. ರೈಫಲ್ಲನ್ನು ಬೀಗದ ಪೆಟ್ಟಿಗೆಯಲ್ಲಿಟ್ಟು, ಗುಂಡು ತಳ್ಳುವ ಅದರ ಬೋಲ್ಟನ್ನು ಬೇರೆಯಾಗಿಟ್ಟು ನಾನೂ ನನ್ನ ಗಂಡನೂ ಹೈವೇ ಹಿಡಿದೆವು. ನನ್ನ ಗಂಡ ಹುಬ್ಬಳ್ಳಿಯವರು. ಬಂದೂಕು ಮುಟ್ಟುವವರಲ್ಲ, ಆದರೆ ಕಾರು ಓಡಿಸಲು ಬೇಸರವಿಲ್ಲ. ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ ಅವರ ಕಾಕಾನ ಮಗನ ಮನೆಯಲ್ಲಿ ಉಳಿದುಕೊಂಡೆವು. ಬೆಳಿಗ್ಗೆ ಆ ಮನೆಯವರು ಚಪಾತಿಗೆ ಶೇಂಗಾ ಚಟ್ನಿ ಸವರಿ, ಸುತ್ತಿ ಕಟ್ಟಿಕೊಟ್ಟರು.

ಮೈದಾನದಲ್ಲಿ ಹನ್ನೆರಡು ಲೇನು, ಒಬ್ಬೊಬ್ಬರಿಗೆ ಒಂದೊಂದು. ನನ್ನದು ಏಳನೆಯದು. ನಾನು ಗಂಡನ ಜೊತೆ ಮಾತಾಡುತ್ತಿದ್ದುದನ್ನು ಕೇಳಿ ಎಂಟನೇ ಲೇನಿನ ಯುವಕ ತಿರುಗಿದ.

"ಅಯ್ಯೋ, ನೀವು ಕನ್ನಡದೋರಾ? ನಾನು ಬೆಂಗ್ಳೂರು. ಟ್ರುಗನಿನಾದಲ್ಲಿ ಇರೋದು."

ಐದು ತಿಂಗಳ ಹಿಂದೆ ಆ ಕ್ಲಬ್ಬಿಗೆ ಸೇರಿದ್ದನಂತೆ. ಕೈಯಲ್ಲಿ ಸ್ವೀಡನ್ನಿನ ಸೈನ್ಯದ ಹಳೆಯ ರೈಫಲ್ಲು, ಉದ್ದನೆಯದು, ಚೆಂದನೆಯದು. ನನಗೆಷ್ಟು ಖುಷಿಯಾಯಿತೆಂದರೆ, ಮೊದಲ ಸುತ್ತಿಗೆ ಮುಂಚೆಯೇ ನನ್ನ ಚಪಾತಿಯಲ್ಲಿ ಒಂದನ್ನು ಅವನ ಕೈಗಿಟ್ಟೆ. ಅವನ ಗುಂಡುಗಳು ಎಲ್ಲೆಲ್ಲೋ ಹೋಗುತ್ತಿದ್ದುದನ್ನು ಕಂಡು, ಉಸಿರನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಹೇಳಿಕೊಟ್ಟೆ. "ಥ್ಯಾಂಕ್ಸ್ ಅಕ್ಕ" ಎಂದ.

ಮೂರು ಸುತ್ತು, ಸುತ್ತಿಗೆ ಹತ್ತು ಗುಂಡು, ಗುಂಡಿಗೆ ಹೆಚ್ಚೆಂದರೆ ಹತ್ತು ಅಂಕ, ಪ್ರತಿ ಸುತ್ತಿಗೂ ಹೊಸ ಕಾಗದ. ಮೊದಲ ಎರಡು ಸುತ್ತಿಗೆ ನಾವೇ ಕಾಗದದ ಮೂಲೆಯಲ್ಲಿ ಹೆಸರು ಬರೆದು, ನೂರು ಮೀಟರು ನಡೆದು ಹೋಗಿ ಸಿಕ್ಕಿಸಿ ಬಂದೆವು. ನನಗೆ ಎಂಬತ್ತನಾಲ್ಕು, ಎಂಬತ್ತೆಂಟು ಬಂತು. ಅವನಿಗೆ ಅರವತ್ತೊಂದು, ಐವತ್ತೆಂಟು. ಅಷ್ಟರಲ್ಲಿ ದಕ್ಷಿಣದ ಕಡೆಯಿಂದ ಮೋಡ ಕವಿಯಿತು. ಮಳೆ ಬರುವ ಮುಂಚೆ ಮುಗಿಸೋಣವೆಂದು ಅಂಕ ಬರೆಯುವಾತ ಇನ್ನೊಬ್ಬನನ್ನು ಕರೆದುಕೊಂಡು ತಾನೇ ಓಡಿಹೋಗಿ ಹನ್ನೆರಡು ಕಾಗದಗಳನ್ನೂ ಸಿಕ್ಕಿಸಿಬಂದ. ಈತ ಆ ಕ್ಲಬ್ಬಿನ ಕಾರ್ಯದರ್ಶಿ. ದೊಡ್ಡ ಹೊಟ್ಟೆಯ, ದೊಡ್ಡ ದನಿಯ ಮನುಷ್ಯ. ಹೆಸರು ಬರೆಯಲು ಯಾರಿಗೂ ಪುರುಸೊತ್ತು ಕೊಡಲಿಲ್ಲ.

ಮೂರನೇ ಸುತ್ತು ನನ್ನ ಜೀವನದಲ್ಲೇ ನಾನು ಹೊಡೆದ ಅತ್ಯಂತ ಒಳ್ಳೆಯ ಸುತ್ತು. ಗಾಳಿ ಬೀಸುತ್ತಿತ್ತು, ಅದು ನಿಂತಾಗ ಮಾತ್ರ ಹೊಡೆದೆ. ಒಂಬತ್ತನೇ ಗುಂಡು ಎಡಕ್ಕೆ ಸರಿಯಿತೆಂದು ಟ್ರಿಗರ್ ಬಿಟ್ಟ ಕ್ಷಣವೇ ಗೊತ್ತಾಯಿತು. ಅದು ನನ್ನ ಹಳೆಯ ಚಾಳಿ. ಹತ್ತೂ ಮುಗಿದ ಮೇಲೆ ಕಾಗದ ನೋಡಲೆಂದು ಮುದುಕರು ತಂದಿದ್ದ ದುರ್ಬೀನಿಗೆ ಕಣ್ಣಿಟ್ಟು ನೋಡಿದೆ. ನಡುವಿನ ಕಪ್ಪಿನಲ್ಲಿ ಒಂಬತ್ತು ತೂತುಗಳು ಒತ್ತೊತ್ತಾಗಿ ಕೂತಿದ್ದವು, ಎಡಕ್ಕೆ ಒಂದೇ ಒಂದು. ಮನಸ್ಸಿನಲ್ಲೇ ಗೋಡೆಗೆ ತೂಗುಹಾಕಿಬಿಟ್ಟೆ.

ಕಾರ್ಯದರ್ಶಿ ಮತ್ತವನ ಜೊತೆಗಾರ ಕಾಗದಗಳನ್ನು ಕಿತ್ತು, ಒಟ್ಟಿಗೆ ಹಿಡಿದುಕೊಂಡು ಶೆಡ್ಡಿಗೆ ಓಡಿ ಬಂದರು. ಮೇಜಿನ ಮೇಲೆ ಹರಡಿ, ಅಲ್ಲಿ ಒಂದೊಂದಕ್ಕೂ ಲೇನಿನ ನಂಬರು ಬರೆದರು. ಸ್ವಲ್ಪ ಹೊತ್ತಿಗೆ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅಂಕಗಳು ಬಂದವು. ಏಳನೇ ಲೇನು, ಐವತ್ತೇಳು. ಎಂಟನೇ ಲೇನು, ತೊಂಬತ್ತಮೂರು, ದಿನದ ಅತ್ಯುತ್ತಮ ಕಾಗದ.

ಎಲ್ಲರೂ ಆ ಯುವಕನ ಬೆನ್ನು ತಟ್ಟಿದರು. ಯಾರೋ ಅವನ ಕೈಗೆ ಬಿಯರ್ ಕೊಟ್ಟರು. ಅವನೀಗ ಹೇಳುತ್ತಾನೆ, ಇದು ನನ್ನದಲ್ಲ ಎನ್ನುತ್ತಾನೆ ಎಂದು ನಾನು ಕಾದೆ. ಅವನು ನಗುತ್ತ ನಿಂತಿದ್ದ.

ನಾನು ಮೇಜಿನ ಹತ್ತಿರ ಹೋಗಿ ಕಾರ್ಯದರ್ಶಿಗೆ ಹೇಳಿದೆ: "ಎರಡು ಕಾಗದ ಅದಲುಬದಲಾಗಿವೆ. ಆ ತೊಂಬತ್ತಮೂರು ನನ್ನದು."

"ಇಲ್ಲ ಲವ್, ಎಂಟರಿಂದ ನಾನೇ ತೆಗೆದೆ. ನೆನಪಿದೆ ನನಗೆ."

ಲವ್. ಪುಟ್ಟಿ ಎಂದು ಕರೆದ ಹಾಗೆ. ನನಗೆ ಐವತ್ತೊಂದು ವರ್ಷ.

"ಮೊದಲ ಎರಡು ಸುತ್ತಿನ ಅಂಕ ನೋಡಿ," ಎಂದೆ. "ಅವರು ಐವತ್ತೆಂಟರಿಂದ ತೊಂಬತ್ತಮೂರಕ್ಕೆ ಹಾರಿದರೇ? ನಾನು ಎಂಬತ್ತೆಂಟರಿಂದ ಐವತ್ತೇಳಕ್ಕೆ ಬಿದ್ದೆನೇ?"

"ಕೆಲವರಿಗೆ ಕೊನೆಯಲ್ಲಿ ಕೈ ಕೂಡಿಬರುತ್ತದೆ. ಕೆಲವರು ಸುಸ್ತಾಗುತ್ತಾರೆ. ಆ ರೈಫಲ್ಲು ನಿನಗೆ ಭಾರ, ಅಲ್ಲವೇ?" ಎಂದ. ಆಗಲೇ ಸುತ್ತ ನಿಂತವರು ನಕ್ಕದ್ದು. "ಸ್ನೇಹದ ಸ್ಪರ್ಧೆ ಇದು ಲವ್, ಯಾರೂ ಅಳಬೇಕಾಗಿಲ್ಲ."

ನಾನು ಅಳುತ್ತಿರಲಿಲ್ಲ. ಯುವಕನ ಕಡೆ ತಿರುಗಿ ಕನ್ನಡದಲ್ಲೇ ಕೇಳಿದೆ: "ನೀವಽ ಹೇಳ್ರಿ. ಆ ಕಾಗದ ನಿಮ್ದೇನು?"

ಅವನು ಬಿಯರ್ ಕ್ಯಾನನ್ನು ನೋಡುತ್ತ ಹೇಳಿದ: "ನಂಗೆ ಎಕ್ಸಾಕ್ಟ್ ಆಗಿ ಗೊತ್ತಾಗ್ಲಿಲ್ಲ ಮೇಡಂ. ಅವ್ರೇ ತೆಗೆದಿದ್ದು ಅಂತಿದಾರಲ್ಲ..."

ಚಪಾತಿ ತಿನ್ನುವಾಗ ಅಕ್ಕ ಆಗಿದ್ದವಳು ಈಗ ಮೇಡಂ ಆಗಿದ್ದೆ.

ಗಂಡ ಹಿಂದಿನಿಂದ ತೋಳು ಹಿಡಿದರು. "ಹೋಗ್ಲಿ ಬಿಡಽ. ಪರದೇಶದಾಗ ನಾಕ್ ಮಂದಿ ಮುಂದ ಜಗಳ ಯಾಕ? ಒಂದು ಕಾಗದದ ಸಲುವಾಗಿ..."

ಮುದುಕರ ಕಡೆ ನೋಡಿದೆ. ವರ್ಷಪೂರ್ತಿ ನನ್ನ ಪಕ್ಕದಲ್ಲಿ ಕೂತು ಒಂದೊಂದು ಗುಂಡನ್ನೂ ಕಂಡವರು. ಅವರು ತಮ್ಮ ಬೂಟುಗಳನ್ನು ನೋಡಿಕೊಳ್ಳುತ್ತಿದ್ದರು.

ನನ್ನ ಕೆಲಸದ ಜಾಗದಲ್ಲಿ, ಹೆಸರಿಲ್ಲದ ರಕ್ತದ ಸೀಸೆ ಬಂದರೆ ನಾವು ಅದನ್ನು ಮುಟ್ಟುವುದಿಲ್ಲ. ನರ್ಸು ಫೋನು ಮಾಡಿ, ಅದು ಇಂಥವರದೇ, ನನಗೆ ನೆನಪಿದೆ ಎಂದರೂ ಮುಟ್ಟುವುದಿಲ್ಲ. ನೆನಪನ್ನು ನಂಬಿದರೆ ಒಬ್ಬರ ಕಾಯಿಲೆ ಇನ್ನೊಬ್ಬರಿಗೆ ಹೋಗುತ್ತದೆ. ಇಪ್ಪತ್ತು ವರ್ಷ ಇದನ್ನೇ ಹೊಸಬರಿಗೆ ಕಲಿಸಿದವಳು ನಾನು. ಈ ಮನುಷ್ಯ ಹೆಸರಿಲ್ಲದ ಹನ್ನೆರಡು ಕಾಗದಗಳನ್ನು ಕಂತೆ ಕಟ್ಟಿ ತಂದು, ಮೇಜಿನ ಮೇಲೆ ಹರಡಿ, ಇಬ್ಬರು ಇಂಡಿಯನ್ನರ ನಡುವೆ ಚೆನ್ನಾಗಿ ಹೊಡೆದವನು ಗಂಡಸೇ ಇರಬೇಕು ಎಂದು ಲೆಕ್ಕ ಹಾಕಿ, ಅದಕ್ಕೆ ನೆನಪು ಎಂದು ಹೆಸರಿಟ್ಟಿದ್ದ.

ಆಗ ಹೊಳೆಯಿತು. ಸ್ವೀಡನ್ನಿನ ರೈಫಲ್ಲಿನ ಗುಂಡು ಸಣ್ಣದು. ನನ್ನದು ಅದಕ್ಕಿಂತ ಒಂದು ಮಿಲಿಮೀಟರಿಗೂ ಹೆಚ್ಚು ದಪ್ಪ.

"ಬೆಳಿಗ್ಗೆ ಅನುಮಾನದ ತೂತುಗಳಿಗೆ ಹಿತ್ತಾಳೆಯ ಗೇಜು ಹಾಕಿ ನೋಡಿದಿರಲ್ಲ, ಅದನ್ನು ತನ್ನಿ," ಎಂದೆ.

ಬೆರಳುದ್ದದ ಕಡ್ಡಿ ಅದು. ಒಂದೊಂದು ಗುಂಡಿನ ಅಳತೆಗೆ ಒಂದೊಂದು. ತೂತಿನಲ್ಲಿ ಇಳಿಬಿಟ್ಟರೆ ಗುಂಡು ಎಷ್ಟು ದಪ್ಪದ್ದು ಎಂದು ತಿಳಿಯುತ್ತದೆ.

"ಅದನ್ನೆಲ್ಲ ಪ್ಯಾಕ್ ಮಾಡಿ ಆಯಿತು," ಎಂದ ಕಾರ್ಯದರ್ಶಿ.

"ಬಿಚ್ಚಿ."

"ನೋಡು, ನಿನಗೆ ಬೇಸರವಾಗಿದೆ, ಅರ್ಥವಾಗುತ್ತದೆ..."

"ಬಿಚ್ಚಿ ನೋಡುವ ತನಕ ನಾನು ಇಲ್ಲಿಂದ ಕದಲುವುದಿಲ್ಲ. ಮಳೆ ಬಂದರೂ ಸರಿ."

ಎರಡನೇ ಸಲವೂ ಅದನ್ನೇ ಹೇಳಿದೆ. ಆತ ಉಸಿರು ಬಿಟ್ಟು, ಪೆಟ್ಟಿಗೆ ತೆರೆದು, ತ್ರೀ-ನಾಟ್-ತ್ರೀ ಗೇಜನ್ನು ಹುಡುಕಿ ತೆಗೆದ. ತೊಂಬತ್ತಮೂರರ ಕಾಗದದ ಎಡಗಡೆಯ ಒಂಟಿ ತೂತಿಗೆ ಮೊದಲು ಇಟ್ಟ. ಸರಕ್ಕನೆ ಕೂತಿತು. ಎರಡನೆಯದರಲ್ಲಿ ಕೂತಿತು. ಮೂರನೆಯದರಲ್ಲೂ. ನಾನು ಕನ್ನಡದಲ್ಲಿ ಗಟ್ಟಿಯಾಗಿ ಎಣಿಸಿದೆ, ಹತ್ತರ ತನಕ. ಆಮೇಲೆ ಐವತ್ತೇಳರ ಕಾಗದ ಎಳೆದುಕೊಂಡು ಅದೇ ಗೇಜನ್ನು ಇಟ್ಟ. ಹೋಗಲಿಲ್ಲ. ಒತ್ತಿದರೆ ಕಾಗದ ಹರಿಯುತ್ತಿತ್ತು.

ಎಲ್ಲರ ನಗು ಎಲ್ಲಿ ಹೋಯಿತೋ. ಕಾರ್ಯದರ್ಶಿ ಹಲಗೆಯ ಹತ್ತಿರ ಹೋಗಿ, ಅಂಗೈಯಿಂದ ಎರಡು ಅಂಕೆಗಳನ್ನು ಒರೆಸಿ, ಅದಲುಬದಲು ಮಾಡಿ ಬರೆದ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ವೆಲ್, ದೇರ್ ಯು ಗೋ," ಎಂದ. ಕ್ಷಮಿಸಿ ಎನ್ನಲಿಲ್ಲ. ಚಪ್ಪಾಳೆಯಿರಲಿ, ಒಬ್ಬರೂ ಬಂದು ಕೈ ಕುಲುಕಲಿಲ್ಲ. ಒಟ್ಟು ಅಂಕದಲ್ಲಿ ನಾನು ಎರಡನೆಯವಳಾದೆ, ಮದ್ದಿನ ಡಬ್ಬ ಅವರ ಕಡೆಯ ಒಬ್ಬರಿಗೆ ಹೋಯಿತು. ಅವರು ಚೆನ್ನಾಗಿಯೇ ಹೊಡೆದಿದ್ದರು, ಅದರಲ್ಲಿ ತಕರಾರಿಲ್ಲ.

ಕಾರಿನ ಹತ್ತಿರ ಆ ಯುವಕ ಓಡಿ ಬಂದ.

"ನೀವು ಎಲ್ಲರ ಮುಂದೆ ನನ್ನ ಹಂಗೆ ಕೇಳ್ಬಾರ್ದಿತ್ತು ಅಕ್ಕ. ನಮ್ಮೋರೇ ನಮ್ಮೋರ್ನ ಹಂಗೆ ನಿಲ್ಸಿದ್ರೆ, ಇವ್ರು ಏನಂದ್ಕೋತಾರೆ?"

"ನಿಮಗ ಗೊತ್ತಿತ್ತೋ ಇಲ್ಲೋ, ಅಷ್ಟ ಹೇಳ್ರಿ."

"ಗೊತ್ತಿತ್ತು," ಎಂದ. "ಐದು ತಿಂಗ್ಳಿಂದ ಬರ್ತಿದೀನಿ. ಯಾರೂ ಸರಿಯಾಗಿ ಮಾತಾಡಲ್ಲ. ಇವತ್ತೇ ಫಸ್ಟ್ ಟೈಮ್ ನನ್ನ ಹೆಸರು ಹಿಡಿದು ಕರೆದ್ರು. ಒಂದೈದು ನಿಮಿಷ ಇರ್ಲಿ ಅನ್ನಿಸ್ತು."

ಒಂದು ಕ್ಷಣ ನನಗೆ ಅಯ್ಯೋ ಎನಿಸಿತು. ಅಯ್ಯೋ ಎನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಅವನನ್ನು ಹೆಸರು ಹಿಡಿದು ಕರೆಯದವರು ಅವರು. ಅದಕ್ಕೆ ನನ್ನ ಕಾಗದ ಯಾಕೆ ಹೋಗಬೇಕು? ಅವನು ಸುಮ್ಮನಿದ್ದದ್ದು ಐದು ನಿಮಿಷವಲ್ಲ, ನಾನು ನೇರವಾಗಿ ಕೇಳಿದ ಮೇಲೂ ಗೊತ್ತಿಲ್ಲ ಎಂದ. ಅದನ್ನೇ ಹೇಳಿದೆ. ಅವನು ತಲೆ ತಗ್ಗಿಸಿ ಹೊರಟುಹೋದ.

ವಾಪಸು ಬರುವಾಗ ನಾಲ್ಕು ಗಂಟೆಯ ದಾರಿ ಮುಗಿದಿತ್ತು. ಪೆಟ್ರೋಲಿಗೆ ನಿಲ್ಲಿಸಿದಲ್ಲಿ ಗಂಡ ಕಾಫಿ ತಂದು ಕೊಟ್ಟಾಗ ತಡೆಯಲಾಗಲಿಲ್ಲ.

"ಪರದೇಶ ಅಂದ್ರಿ. ಇಪ್ಪತ್ತು ವರ್ಷ ಆತು. ಪಾಸ್‌ಪೋರ್ಟ್ ಇಲ್ಲಿದು, ಮನಿ ಇಲ್ಲಿದು, ಓಟು ಇಲ್ಲೇ ಹಾಕ್ತೀವಿ. ಇನ್ನ ಎಷ್ಟು ವರ್ಷ ಆದ್ರ ಇದು ಪರದೇಶ ಅಲ್ಲ? ಧಾರವಾಡದಾಗ ಹಿಂಗಾಗಿದ್ರ ಬಿಡು ಅಂತಿದ್ರೇನು?"

ಅವರು ಯೋಚಿಸಿದರು. "ಧಾರವಾಡದಾಗೂ ಅಂತಿದ್ದೆ ಅನಸ್ತದ," ಎಂದರು. ಸುಳ್ಳು ಹೇಳಬಾರದೆಂದು ನಿಜವನ್ನೇ ಹೇಳಿದ್ದರು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಕಾಫಿ ಮುಗಿಯುವ ಹೊತ್ತಿಗೆ, "ತಪ್ಪಾತು. ನಾ ನಿನ್ನ ಬಾಜೂ ನಿಂದರಬೇಕಿತ್ತು," ಎಂದರು. ಅದನ್ನು ಕೇಳಿದ ಮೇಲೆಯೇ ನಾನು ಕಾರು ಹತ್ತಿದ್ದು.

ಮುದುಕರ ಜೊತೆ ಮೂರು ವಾರ ಮಾತು ಬಿಟ್ಟೆ. ನಾಲ್ಕನೇ ಶನಿವಾರ ಅವರು ನನ್ನ ಲೇನಿನ ಹಿಂದೆ ಕ್ರೇಟೊಂದನ್ನು ಬೋರಲು ಹಾಕಿ ಕೂತರು. ಮೇಜಿನ ಮೇಲಿನ ಆ ಕಾಗದ ನೋಡಿದ ಕೂಡಲೇ ಅದು ನಿನ್ನದೆಂದು ನನಗೆ ಗೊತ್ತಾಗಿತ್ತು, ಎಡಕ್ಕೆ ಸರಿಯುವ ನಿನ್ನ ಆ ಗುಂಡನ್ನು ನಾನು ಒಂದು ವರ್ಷದಿಂದ ನೋಡುತ್ತಿದ್ದೇನೆ ಎಂದರು.

"ಮತ್ತೆ ಯಾಕೆ ಹೇಳಲಿಲ್ಲ?"

"ಆತ ನನಗೆ ಮೂವತ್ತು ವರ್ಷದ ಗೆಳೆಯ. ಗಲಾಟೆಯಾಗುವುದು ಬೇಡವೆನಿಸಿತು."

"ಗಲಾಟೆ ಹೇಗಿದ್ದರೂ ಆಯಿತು. ನಾನೊಬ್ಬಳೇ ಮಾಡಬೇಕಾಯಿತು."

ಅವರು ತಲೆಯಾಡಿಸಿದರು. ನಾಚಿಕೆಯಾಯಿತು ಎಂದರು. ಅಷ್ಟು ದೊಡ್ಡ ವಯಸ್ಸಿನವರ ಬಾಯಲ್ಲಿ ಆ ಮಾತು ಕೇಳುವುದು ನನಗೂ ಸುಲಭವಾಗಲಿಲ್ಲ. ಆದರೆ, ಪರವಾಗಿಲ್ಲ ಎಂದು ನಾನು ಹೇಳಲಿಲ್ಲ. ಪರವಾಗಿಲ್ಲ ಎಂದು ಬಿಡುವ ವಿಷಯ ಅದಾಗಿರಲಿಲ್ಲ.

ಎರಡು ತಿಂಗಳ ನಂತರ ನಮ್ಮ ಕ್ಲಬ್ಬಿನ ಒಬ್ಬರು ಯಾವುದೋ ಕೆಲಸಕ್ಕೆ ಮೆಲ್ಬರ್ನಿಗೆ ಹೋದಾಗ ಆ ಗೋಡೆಯ ಫೋಟೋ ತೆಗೆದು ಕಳಿಸಿದರು. ನನ್ನ ಕಾಗದ ಗೋಡೆಯ ಮೇಲಿತ್ತು, ಚೆಂದದ ಮರದ ಚೌಕಟ್ಟಿನಲ್ಲಿ. ಅದರ ಕೆಳಗಿನ ಹಿತ್ತಾಳೆಯ ಪಟ್ಟಿಯ ಮೇಲೆ ಕೆತ್ತಿಸಿದ್ದರು: "ಅತಿಥಿ, ಸಿಡ್ನಿ." ಸುತ್ತಲಿನ ಎಲ್ಲ ಕಾಗದಗಳಿಗೂ ಹೆಸರಿತ್ತು. ನಮ್ಮ ಮುದುಕರದೂ ಒಂದು ಹಳೆಯ ಕಾಗದವಿತ್ತು, ಅದಕ್ಕೂ ಹೆಸರಿತ್ತು.

ಆ ಕ್ಲಬ್ಬಿಗೆ ಇಮೇಲ್ ಬರೆದೆ. ಉತ್ತರವಿಲ್ಲ. ಎರಡನೆಯದಕ್ಕೆ, ಹೆಸರು ಉದ್ದವಿದ್ದುದರಿಂದ ಪಟ್ಟಿಯಲ್ಲಿ ಹಿಡಿಸಲಿಲ್ಲ ಎಂದು ಉತ್ತರ ಬಂತು. ನನ್ನ ಹೆಸರಿನಲ್ಲಿ ಇಂಗ್ಲಿಷಿನ ಏಳು ಅಕ್ಷರಗಳಿವೆ. ಅತಿಥಿ ಎಂಬುದಕ್ಕೆ ಅವರು ಕೆತ್ತಿಸಿದ ‘ವಿಸಿಟರ್’ ಎಂಬ ಇಂಗ್ಲಿಷ್ ಪದದಲ್ಲೂ ಏಳೇ. ಮೂರನೇ ಇಮೇಲಿನಲ್ಲಿ ಎರಡನ್ನೂ ಒಂದರ ಕೆಳಗೊಂದು ಬರೆದು, ಎಣಿಸಿ ನೋಡಿ ಎಂದು ಕಳಿಸಿದೆ. ಈ ಸಲ ಕೆಳಗೆ ಮುದುಕರೂ ತಮ್ಮ ಹೆಸರು ಹಾಕಿದ್ದರು, ನಾನು ಕೇಳದೆಯೇ. ಹೊಸ ಪಟ್ಟಿ ಮಾಡಿಸಿದರು. ಒಂದು ಅಕ್ಷರ ತಪ್ಪಿತ್ತು. ನಾಲ್ಕನೇ ಇಮೇಲಿಗೆ ಅದೂ ಸರಿಯಾಯಿತು. ಮಗಳಿಗೆ ಫೋಟೋ ಕಳಿಸಿದರೆ, "ಅಮ್ಮಾ, ವಾಸ್ ಇಟ್ ವರ್ತ್ ಇಟ್?" ಎಂದು ಕೇಳಿದಳು. ಹೌದು ಎಂದೆ. ನಾಲ್ಕಲ್ಲ, ನಲವತ್ತು ಇಮೇಲಾದರೂ ಬರೆಯುತ್ತಿದ್ದೆ.

ಈ ವರ್ಷ ಅವರು ಸಿಡ್ನಿಗೆ ಬರುತ್ತಾರೆ. ಹೋದ ವಾರದ ಮೀಟಿಂಗಿನಲ್ಲಿ ನಮ್ಮ ಕ್ಲಬ್ಬಿನ ಅಧ್ಯಕ್ಷರು, ನೀನು ಇಂಥದರಲ್ಲಿ ಬಹಳ ಶಿಸ್ತು, ಈ ಸಲ ಅಂಕ ಬರೆಯುವ ಮೇಜನ್ನು ನೀನೇ ನೋಡಿಕೊಳ್ಳುತ್ತೀಯಾ ಎಂದು ಕೇಳಿದರು. ಹೊಗಳಿಕೆ ಎಂದೇ ಅವರು ಅಂದುಕೊಂಡಿದ್ದರು. ಅಂಕ ಬರೆಯುವವರು ಗುಂಡು ಹೊಡೆಯುವಂತಿಲ್ಲ ಎಂಬ ನಿಯಮ ಅವರಿಗೆ ನೆನಪಿರಲಿಲ್ಲವೋ, ಇತ್ತೋ, ನಾನು ಕೇಳಲಿಲ್ಲ.

"ಮೇಜಿಗೆ ಬೇರೆ ಯಾರನ್ನಾದರೂ ಕೂರಿಸಿ," ಎಂದೆ. "ನನಗೊಂದು ಲೇನು ಕೊಡಿ."